ಧೂಳಿನ ಚೀಲ ತುಂಬಿಸಿಟ್ಟು ಶೆಡ್ ಬಾಗಿಲು ಹಾಕಬೇಡಿ

ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮೆಷಿನ್) ಹಾಕಿಕೊಳ್ಳಬೇಕು ಅಂತ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮೆಷಿನ್ ಯಾವುದು, ಕೊರೆಯುವ ಬಿಟ್ ತಿರುಗಿಸುವ ಸ್ಪಿಂಡಲ್ ಎಷ್ಟು ಕಿಲೋವ್ಯಾಟ್, ಹಲಗೆ ಇಡುವ ಬೆಡ್ ಎಷ್ಟುದ್ದ ಅಂತ ಹತ್ತು ಕಡೆ ವಿಚಾರಿಸುತ್ತೇವೆ. ಧೂಳು ಎಳೆಯುವ ಬ್ಲೋವರ್ ಮಾತ್ರ ಕೊನೆಗೆ, ಉಳಿದ ದುಡ್ಡಲ್ಲಿ ತರುವ ಸಾಮಾನು. ನಾನೂ ಹಾಗೇ ಮಾಡಿದೆ. ಅದರಿಂದ ನಮ್ಮ ಮೇಸ್ತ್ರಿಗೆ ಬಿಡದ ಕೆಮ್ಮು ಹಿಡಿಯಿತು. ಒಂದು ರಾತ್ರಿ ಶೆಡ್ಡೇ ಸುಟ್ಟುಹೋಗುವುದರಲ್ಲಿತ್ತು.

ನಮ್ಮದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಬಾಡಿಗೆ ಶೆಡ್. ದೇವರಮನೆ ಬಾಗಿಲು, ಮುಂಬಾಗಿಲ ಕೆತ್ತನೆ, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಜಾಲಿ, ಇವೇ ಕೆಲಸ. ಬ್ಲೋವರ್ ಮಾರಿದವರು, "3 ಎಚ್‌ಪಿ ಇದೆ ಸಾರ್, ಇನ್ನೊಂದು ಮೆಷಿನ್ ಹಾಕಿದರೂ ಆಗುತ್ತೆ, ಕಣ್ಣುಮುಚ್ಚಿ ತಗೊಳ್ಳಿ" ಅಂದರು. ಒಂದು ಮೋಟರ್, ಒಂದು ಫ್ಯಾನ್, ಮೇಲೊಂದು ಬಟ್ಟೆ ಚೀಲ, ಕೆಳಗೆ ಹೊಟ್ಟು ಬೀಳುವ ಚೀಲ. ಮಳೆಗೆ ನೆನೆಯಬಾರದು ಅಂತ ಶೆಡ್ ಒಳಗೇ ಮೂಲೆಯಲ್ಲಿ ನಿಲ್ಲಿಸಿದರು. ಅಲ್ಲಿಂದ ರೂಟರ್ ತನಕ ಗೋಡೆ ಉದ್ದಕ್ಕೂ 4 ಇಂಚಿನ ಪಿವಿಸಿ ಪೈಪ್, ಐದು ಎಲ್ಬೋ, ಕೊನೆಗೆ ಹತ್ತಡಿ ಸುಕ್ಕು ಹೋಸ್.

ಮೊದಲ ವಾರ ಖುಷಿಯೋ ಖುಷಿ. ನೆಲದ ಮೇಲೆ ಹೊಟ್ಟೇ ಇಲ್ಲ. ಪೊರಕೆ ಹಿಡಿಯುವ ಕೆಲಸ ಅರ್ಧ ಕಡಿಮೆಯಾಯಿತು. ಆದರೆ ಬೆಳಿಗ್ಗೆ ಬಂದು ನೋಡಿದರೆ ಕುಡಿಯುವ ನೀರಿನ ಬಿಂದಿಗೆ ಮುಚ್ಚಳದ ಮೇಲೆ ಹಿಟ್ಟು ಜರಡಿ ಹಿಡಿದ ಹಾಗೆ ತೆಳ್ಳಗೆ ಕೂತಿರುತ್ತಿತ್ತು. ಬೆರಳಲ್ಲಿ ಗೆರೆ ಎಳೆಯಬಹುದಿತ್ತು. ತಗಡಿನ ತೂತಿನಿಂದ ಬಿಸಿಲುಕೋಲು ಒಳಗೆ ಬಿದ್ದಾಗ ಅದರಲ್ಲಿ ಧೂಳು ಹೊಗೆ ಥರ ಸುತ್ತುತ್ತಿತ್ತು. ಬ್ಲೋವರ್ ಆನ್ ಇದ್ದಾಗಲೇ ಅದು ಜಾಸ್ತಿ. ಆ ಮಾತನ್ನು ಮೊದಲು ಹೇಳಿದ್ದು ಮೇಸ್ತ್ರಿ. "ಈ ಚೀಲ ಎಳಕೊಂಡಿದ್ದನ್ನ ನಮ್ಮ ಮುಖಕ್ಕೇ ಊದ್ತಾ ಅದೆ ಕಣಣ್ಣ" ಅಂದರು.

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ನಮಗೆ ಕೊಟ್ಟಿದ್ದು 30 ಮೈಕ್ರಾನ್ ಬಟ್ಟೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ. ಎದೆಯೊಳಕ್ಕೆ ಇಳಿಯುವ ಧೂಳು 10 ಮೈಕ್ರಾನಿಗಿಂತ ಸಣ್ಣದು, ಒಂದೊಂದು ಕಣ ಬಿಡಿಯಾಗಿ ಕಣ್ಣಿಗೇ ಕಾಣುವುದಿಲ್ಲ. ಹೊಟ್ಟು ಚೀಲದಲ್ಲಿ ನಿಲ್ಲುತ್ತದೆ. ಸಣ್ಣ ಧೂಳು ಬಟ್ಟೆ ದಾಟಿ ಶೆಡ್ ತುಂಬ ಹರಡುತ್ತದೆ, ಗಂಟೆಗಟ್ಟಲೆ ಗಾಳಿಯಲ್ಲೇ ಇರುತ್ತದೆ. ನೆಲ ಕ್ಲೀನ್ ಇದ್ದಷ್ಟೂ ನಾವು ಮಾಸ್ಕ್ ಹಾಕುವುದನ್ನು ಬಿಟ್ಟೆವು. ನನಗೆ ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ.

ಮೇಸ್ತ್ರಿ ಹಳೇ ಕೈ. ಬೀಟೆ ಮರದ ಇನ್‌ಲೇ ಕೆಲಸದಲ್ಲಿ ಬೆಳೆದವರು. ಅಷ್ಟು ವರ್ಷ ಕೈಕೆಲಸ ಮಾಡಿ ಬಾರದ ಕೆಮ್ಮು ಈ ಶೆಡ್ಡಲ್ಲಿ ಐದು ತಿಂಗಳಿಗೆ ಬಂತು. ಡಾಕ್ಟರ್ ಎದೆ ಫೋಟೋ ನೋಡುವ ಮೊದಲೇ ಕೇಳಿದ್ದು ಏನು ಕೆಲಸ ಅಂತ. ಮರದ ಧೂಳು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ಮುಖ್ಯವಾಗಿ ಮೂಗಿನ ಒಳಭಾಗದ ಕ್ಯಾನ್ಸರ್. ಎಂಡಿಎಫ್ ಆದರೆ ಮರದ ನಾರಿನ ಜೊತೆ ಫಾರ್ಮಾಲ್ಡಿಹೈಡ್ ಸೇರಿದ ಅಂಟೂ ಇರುತ್ತದೆ. ಇದನ್ನು ಬ್ಲೋವರ್ ಮಾರುವಾಗ ಯಾರೂ ಹೇಳುವುದಿಲ್ಲ. ನಾವೇ ಕೇಳಬೇಕು: ಚೀಲ ಎಷ್ಟು ಮೈಕ್ರಾನಿನದು? ಉತ್ತರ ಬರದಿದ್ದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಇನ್ನು ಎಳೆತದ ವಿಷಯ. ನೆಲ ಕ್ಲೀನ್ ಕಂಡರೂ, 3 ಎಚ್‌ಪಿಗೆ ಹೋಲಿಸಿದರೆ ಶುರುವಿನಿಂದಲೂ ಎಳೆತ ಕಮ್ಮಿಯೇ ಇತ್ತು. ಮಾರಿದವರಿಗೆ ಫೋನ್ ಮಾಡಿದರೆ ಎಂಡಿಎಫ್ ಜಾಸ್ತಿ ಹೊಡೆಯುತ್ತೀರಿ, ಅದಕ್ಕೇ ಅಂತ ನಮ್ಮ ಮೇಲೇ ಹಾಕಿದರು. ಮೂರು ವಾರ ಆದಮೇಲೆ ಬೇರೆ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ಮೋಟರ್ ಪಕ್ಕ ಬಗ್ಗಿ ನೋಡಿ, "ಇದು ಉಲ್ಟಾ ತಿರುಗ್ತಿದೆಯಲ್ಲ ಸಾರ್" ಅಂದ. ಥ್ರೀ ಫೇಸ್ ವೈರ್ ಅದಲು ಬದಲಾಗಿತ್ತು. ಇದನ್ನು ಗಮನವಿಟ್ಟು ಓದಿ. ಈ ಥರದ ಫ್ಯಾನ್ ಉಲ್ಟಾ ತಿರುಗಿದರೂ ಗಾಳಿಯನ್ನು ಅದೇ ದಿಕ್ಕಿಗೇ ಎಳೆಯುತ್ತದೆ, ಆದರೆ ತುಂಬಾ ಕಮ್ಮಿ. ಹಾಗಾಗಿ ಗೊತ್ತೇ ಆಗುವುದಿಲ್ಲ. ಮೋಟರ್ ಮೈಮೇಲೆ ಬಾಣದ ಗುರುತು ಇರುತ್ತದೆ. ಆಫ್ ಮಾಡಿ, ನಿಲ್ಲುವಾಗ ಫ್ಯಾನ್ ಯಾವ ಕಡೆ ತಿರುಗುತ್ತಿದೆ ನೋಡಿ. ಉಲ್ಟಾ ಇದ್ದರೆ ಎಲೆಕ್ಟ್ರಿಷಿಯನ್ ಕೈಲಿ ಯಾವುದಾದರೂ ಎರಡು ಫೇಸ್ ವೈರ್ ಅದಲು ಬದಲು ಮಾಡಿಸಿದರೆ ಸರಿಹೋಗುತ್ತದೆ. ಐದು ನಿಮಿಷದ ಕೆಲಸ.

ಅದು ಸರಿಯಾದ ಮೇಲೂ ಪೈಪಿನ ತೊಂದರೆ ಉಳಿಯಿತು. ಹೊಟ್ಟು ಪೈಪಿನಲ್ಲಿ ಕೂರದೆ ಸಾಗಬೇಕಾದರೆ ಗಾಳಿ ನಿಮಿಷಕ್ಕೆ ಸುಮಾರು 4000 ಅಡಿ ವೇಗದಲ್ಲಿ ಹೋಗಬೇಕು. ಆ ವೇಗದಲ್ಲಿ 4 ಇಂಚಿನ ಪೈಪಿನಲ್ಲಿ ಹೋಗುವುದು ನಿಮಿಷಕ್ಕೆ ಸುಮಾರು 350 ಘನ ಅಡಿ ಗಾಳಿ. 6 ಇಂಚಿನದಾದರೆ ಸುಮಾರು 785. ಅಂದರೆ ಎರಡರಷ್ಟಕ್ಕಿಂತ ಜಾಸ್ತಿ. ಮೋಟರ್ 3 ಎಚ್‌ಪಿ ಇದ್ದು ಗಂಟಲು 4 ಇಂಚಿದ್ದರೆ ಏನು ಬಂತು? ಅದರ ಮೇಲೆ ಒಂದೊಂದು ಎಲ್ಬೋ, ಒಂದೊಂದು ಅಡಿ ಸುಕ್ಕು ಹೋಸ್ ಗಾಳಿಯನ್ನು ತಡೆಯುತ್ತಲೇ ಇರುತ್ತದೆ. ಪಿವಿಸಿಯಲ್ಲಿ ಸ್ಟ್ಯಾಟಿಕ್ (ಉಜ್ಜಾಟದಿಂದ ಹುಟ್ಟುವ ಕರೆಂಟ್) ಬೇರೆ. ಚಳಿಗಾಲದ ಒಣ ಹವೆಯಲ್ಲಿ ಪೈಪ್ ಮುಟ್ಟಿದರೆ ಚಟ್ ಅಂತ ಹೊಡೆಯುತ್ತಿತ್ತು. ಒಂದು ಸಲ ಹೋಸ್‌ನಿಂದ ಕಿಡಿ ಹಾರಿ ಮೆಷಿನ್ ನಡೆಸುವ ಕಂಟ್ರೋಲರ್ ನಿಂತು, ಮುಕ್ಕಾಲು ಮುಗಿದಿದ್ದ ತೇಗದ ಹಲಗೆ ಹಾಳಾಯಿತು.

ಈಗ ಆ ರಾತ್ರಿಗೆ ಬರುತ್ತೇನೆ.

ಮಂಡ್ಯ ಕಡೆಯ ಒಬ್ಬರು ತಮ್ಮ ಹಳೇ ತೊಟ್ಟಿಮನೆ ಕೆಡವಿದಾಗ ಸಿಕ್ಕ ತೇಗದ ತೊಲೆ ತಂದು, ಅದರಲ್ಲೇ ದೇವರಮನೆ ಬಾಗಿಲು ಮಾಡಿಕೊಡಿ ಅಂದಿದ್ದರು. ಒಳ್ಳೆ ಮರ. ಮೇಸ್ತ್ರಿ ಕೂತು ಮೊಳೆಗಳನ್ನೆಲ್ಲ ಕಿತ್ತಿದ್ದರು. ಒಂದು ಮೊಳೆಯ ತಲೆ ತುಕ್ಕು ಹಿಡಿದು ಉದುರಿ, ಮೈ ಮಾತ್ರ ಒಳಗೇ ಉಳಿದಿತ್ತು. ಸಂಜೆ ಏಳರ ಹೊತ್ತಿಗೆ ಬಿಟ್ ಅದಕ್ಕೆ ತಗುಲಿ ಟಣ್ ಅಂತು. ಒಂದು ಕಿಡಿ ಕಂಡಿತು, ಹೋಸ್ ಒಳಗೆ ಹೋಯಿತು. ಬಿಟ್ ತುದಿ ಮುರಿದಿತ್ತು. ನಮ್ಮ ಗಮನವೆಲ್ಲ ಮುರಿದ ಬಿಟ್ ಮೇಲೆ, ಮರದ ಮೇಲೆ. ಕಿಡಿ ಎಲ್ಲಿಗೆ ಹೋಯಿತು ಅಂತ ಯಾರೂ ಯೋಚಿಸಲಿಲ್ಲ. ಏಳೂವರೆಗೆ ಶಟರ್ ಎಳೆದು ಮನೆಗೆ ಹೋದೆವು. ಬೆಳಿಗ್ಗೆಯಿಂದ ಎಂಡಿಎಫ್ ಹೊಡೆದ ಪುಡಿ ಚೀಲದಲ್ಲಿ ಅರ್ಧಕ್ಕಿಂತ ಮೇಲೆ ತುಂಬಿತ್ತು.

ಹನ್ನೊಂದು ಗಂಟೆಗೆ ಪಕ್ಕದ ಶೆಡ್ಡಿನ ವಾಚ್‌ಮನ್ ಫೋನ್. "ಅಣ್ಣ, ನಿಮ್ ಶೆಡ್ಡಿಂದ ಏನೋ ಸೀದ ವಾಸನೆ ಬತ್ತಾ ಅದೆ, ಬೇಗ ಬನ್ನಿ." ಮೇಸ್ತ್ರಿಯನ್ನೂ ಕೆಲಸದ ಹುಡುಗನನ್ನೂ ಕರೆದುಕೊಂಡು ಓಡಿದೆ. ಶಟರ್ ಎತ್ತಿದರೆ ಉರಿ ಇಲ್ಲ. ಸೂರಿನ ಕೆಳಗೆ ಹೊಗೆ ನಿಂತಿದೆ. ಟಾರ್ಚ್ ಬಿಟ್ಟು ನೋಡಿದರೆ ಕೆಳಗಿನ ಚೀಲದ ಪಕ್ಕದಲ್ಲಿ ಅಂಗೈ ಅಗಲದ ಕಪ್ಪು ತೂತು. ಅದರ ಅಂಚು ಬೀಡಿ ತುದಿಯ ಹಾಗೆ ಕೆಂಪಗೆ, ನಿಧಾನವಾಗಿ ಅಗಲ ಆಗುತ್ತಿತ್ತು.

ಹೊಗೆ ಎಳೆದುಕೊಳ್ಳಲಿ ಅಂತ ನಾನು ಬ್ಲೋವರ್ ಸ್ವಿಚ್ಚಿಗೆ ಕೈ ಹಾಕಿದ್ದೆ. ಹುಡುಗ ಬಕೆಟ್ ನೀರು ಎತ್ತಿದ್ದ. ಮೇಸ್ತ್ರಿ ಇಬ್ಬರನ್ನೂ ಗದರಿಸಿ ನಿಲ್ಲಿಸಿದರು. "ಎರಚಬೇಡ ಕಣೋ, ಚಿಮುಕಿಸು" ಅಂದರು. ಅವರು ಹುಡುಗರಾಗಿದ್ದಾಗ ಸಾಮಿಲ್‌ನಲ್ಲಿ ಇಂಥದ್ದನ್ನು ಕಂಡಿದ್ದರು. ಆಮೇಲೆ ಓದಿ ತಿಳಿದುಕೊಂಡೆ, ಅವರು ತಡೆದಿದ್ದಕ್ಕೇ ನಾವು ಬದುಕಿದೆವು. ಬ್ಲೋವರ್ ಹಾಕಿದ್ದರೆ ಕೆಂಡಕ್ಕೆ ತಿದಿ ಒತ್ತಿದ ಹಾಗೆ. ನೀರು ರಭಸವಾಗಿ ಎರಚಿದ್ದರೆ ಪುಡಿ ಮೇಲಕ್ಕೆ ಎದ್ದು, ಗಾಳಿಯಲ್ಲಿ ಹರಡಿದ ಆ ಧೂಳು ಒಂದೇ ಸಲಕ್ಕೆ ಭಗ್ ಅಂತ ಹತ್ತಿಕೊಳ್ಳಬಹುದಿತ್ತು. ಮೇನ್ ಆಫ್ ಮಾಡಿ, ಕೈಯಲ್ಲಿ ನೀರು ಚಿಮುಕಿಸುತ್ತಾ ಚೀಲ ಪೂರ್ತಿ ನೆನೆಸಿ, ಬಾಂಡ್ಲಿಯಲ್ಲಿ ತುಂಬಿ ಹೊರಗೆ ಸಾಗಿಸಿದೆವು. ಮೇಲೆ ಒದ್ದೆ ಆಗಿದ್ದ ಪುಡಿಯನ್ನು ಎರಡು ಗಂಟೆ ಬಿಟ್ಟು ಕೆದಕಿದರೆ ಒಳಗೆ ಇನ್ನೂ ಹೊಗೆ ಬರುತ್ತಿತ್ತು. ನಾವು ಮಾಡಿದ ತಪ್ಪು ಇನ್ನೊಂದಿದೆ. ಒಳಗೆ ಕಾಲಿಡುವ ಮೊದಲೇ 101ಕ್ಕೆ ಫೋನ್ ಮಾಡಬೇಕಿತ್ತು. ನೀವು ಹಾಗೆ ಒಳಗೆ ನುಗ್ಗಬೇಡಿ.

ಕಿಡಿ ಬರಲು ಮೊಳೆಯೇ ಬೇಕಾಗಿಲ್ಲ. ಮೊಂಡು ಬಿಟ್ ಸಾಕು, ಬಿಟ್ಟನ್ನು ತೀರಾ ನಿಧಾನ ಓಡಿಸಿದರೂ ಸಾಕು. 18000 ಆರ್‌ಪಿಎಂನಲ್ಲಿ ಎರಡು ಬಾಯಿಯ (ಎರಡು ಅಲಗಿನ) ಬಿಟ್ ಹಲಗೆ ಮೇಲೆ ನಿಮಿಷಕ್ಕೆ 3600 ಮಿ.ಮೀ. ಓಡಿದರೆ ಒಂದೊಂದು ಬಾಯಿ 0.1 ಮಿ.ಮೀ. ಕಚ್ಚುತ್ತದೆ. ಹೆದರಿಕೊಂಡು ಆ ಓಟವನ್ನು 900 ಮಿ.ಮೀ.ಗೆ ಇಳಿಸಿದರೆ ಕಚ್ಚುವುದು ಬರೀ 0.025. ಆಗ ಬಿಟ್ ಮರವನ್ನು ಕಡಿಯುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಕಾಯುತ್ತದೆ, ಮರ ಕರಿಯಾಗುತ್ತದೆ, ಕಾದ ಪುಡಿ ಚೀಲಕ್ಕೆ ಹೋಗುತ್ತದೆ. ಹಲಗೆ ಬಿಗಿಯುವ ಸ್ಕ್ರೂಗೆ ಬಿಟ್ ತಗುಲುವುದೂ ನಮ್ಮಲ್ಲಿ ಮಾಮೂಲು, ಅಲ್ವಾ? ಅದೂ ಕಿಡಿಯೇ.

ಈಗ ಬ್ಲೋವರ್ ಶೆಡ್ ಹೊರಗಿದೆ, ತಗಡಿನ ಮಾಡಿನ ಕೆಳಗೆ. ಫ್ಯಾನಿಗೆ ಮೊದಲು ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ಹೊಟ್ಟನ್ನು ಬೇರೆ ಮಾಡುವ ಆಲಿಕೆ ಆಕಾರದ ತೊಟ್ಟಿ), ಅದರ ಕೆಳಗೆ ಮುಚ್ಚಳ ಇರುವ ಕಬ್ಬಿಣದ ಡ್ರಮ್. ಹೊಟ್ಟು, ಮೊಳೆ ಚೂರು ಹೆಚ್ಚುಪಾಲು ಡ್ರಮ್ಮಿಗೇ ಬೀಳುವುದರಿಂದ ಫ್ಯಾನಿಗೆ ಬಡಿಯುವುದು ತಪ್ಪಿದೆ. ಪೈಪ್ 6 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ), ಅರ್ಥಿಂಗ್ ಕೊಟ್ಟಿದ್ದೇವೆ. 90 ಡಿಗ್ರಿ ಎಲ್ಬೋ ಬದಲು ಎರಡೆರಡು 45 ಡಿಗ್ರಿ ಬೆಂಡ್. ಸುಕ್ಕು ಹೋಸ್ ಸ್ಪಿಂಡಲ್ ಓಡಾಡಲು ಎಷ್ಟು ಬೇಕೋ ಅಷ್ಟೇ, ಅದರ ಒಳಗಿನ ಸ್ಪ್ರಿಂಗ್ ತಂತಿಗೂ ಅರ್ಥಿಂಗ್. ಗಾಳಿ ಹೊರಗೆ ಹೋಗುವುದರಿಂದ ಒಂದು ಕಿಟಕಿ ಯಾವಾಗಲೂ ತೆಗೆದಿರಬೇಕು, ಇಲ್ಲದಿದ್ದರೆ ಎಳೆತ ಬಿದ್ದುಹೋಗುತ್ತದೆ. ಪಕ್ಕದವರ ಮೇಲೆ ಧೂಳು ಬೀಳದಿರಲಿ ಅಂತ ಒಳ್ಳೆ ಫಿಲ್ಟರನ್ನೇ ಹಾಕಿಸಿದೆ. ಖರ್ಚು ಮೊದಲಿನ ಬ್ಲೋವರ್‌ಗಿಂತ ಜಾಸ್ತಿಯೇ ಆಯಿತು. ಹಳೇ ಮರ ಬಂದರೆ ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಆಡಿಸದೆ ಬೆಡ್ ಮೇಲೆ ಹಾಕುವುದಿಲ್ಲ. ಎಲ್ಲರಿಗೂ ಎನ್95 ಮಾಸ್ಕ್.

ಮೇಸ್ತ್ರಿ ಕೆಮ್ಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ದಿನಾ ಸಂಜೆ ಡ್ರಮ್ ಖಾಲಿ ಮಾಡಿಸಿ, ಪುಡಿಯನ್ನು ಮುಚ್ಚಳದ ತೊಟ್ಟಿಗೆ ಹಾಕಿಸಿ, ಸೈಕ್ಲೋನ್ ಮೈಗೆ ಅಂಗೈ ಹಿಂಬದಿ ತಾಗಿಸಿ ಬಿಸಿ ಇದೆಯಾ ನೋಡಿಯೇ ಅವರು ಶಟರ್ ಎಳೆಯಲು ಬಿಡುವುದು.

ಮೈಸೂರು, ಮಂಡ್ಯ ಕಡೆ ಯಾರಾದರೂ ಹೊಸದಾಗಿ ಪೈಪ್ ಹಾಕಿಸುತ್ತಿದ್ದರೆ ದುಡ್ಡು ಕೊಡುವ ಮೊದಲು ನನ್ನನ್ನು ಕೇಳಿ. ನಮ್ಮ ಪೈಪಿನ ಅಳತೆಯೆಲ್ಲ ಕೊಡುತ್ತೇನೆ. ಆ ತೂತು ಬಿದ್ದ ಚೀಲವನ್ನೂ ಎತ್ತಿಟ್ಟಿದ್ದೇನೆ, ಬಂದು ನೋಡಬಹುದು.