ಪ್ಲಾಸ್ಟರ್ ಕವರ್, ವೀಲ್‌ಚೇರ್ ಸೇವೆ, ಪ್ರವಾಸ ವಿಮೆ: ಕೈಕಾಲು ಮುರಿದ ಮಗುವನ್ನು ರಜೆಗೆ ಕರೆದೊಯ್ಯಲು ಇವು ಸಾಕೇ?

ಟಿಕೆಟ್ ಆಗಿದೆ, ರೂಮು ಗೊತ್ತಾಗಿದೆ, ಹೊರಡಲು ಒಂದು ವಾರ ಇದೆ ಅನ್ನುವಾಗ ಮಗು ಬಿದ್ದು ಮುಂಗೈ ಮುರಿದುಕೊಳ್ಳುತ್ತದೆ. ಇಂಥ ಹೊತ್ತಿನಲ್ಲಿ ಮನೆಯವರು ಮೊದಲು ಮಾಡುವ ಕೆಲಸ ಮೊಬೈಲಿನಲ್ಲಿ ವಾಟರ್‌ಪ್ರೂಫ್ ಪ್ಲಾಸ್ಟರ್ ಕವರ್ ಹುಡುಕುವುದು. ಜಾಹೀರಾತಿನ ಚಿತ್ರದಲ್ಲಿ ಕೈಗೆ ನೀಲಿ ಕವರ್ ತೊಟ್ಟ ಮಗು ಈಜುಕೊಳದಲ್ಲಿ ನಗುತ್ತಿರುತ್ತದೆ. ಅದೊಂದು ತರಿಸಿದರೆ ಪ್ರವಾಸ ಉಳಿಯಿತು ಅನ್ನಿಸುತ್ತದೆ. ಅಷ್ಟು ಸಲೀಸಲ್ಲ. ಇಲ್ಲಿ ತೂಗಿ ನೋಡುತ್ತಿರುವುದು ಮೂರನ್ನು: ಈ ಕವರ್, ವಿಮಾನ ಕಂಪನಿಗಳ ವೀಲ್‌ಚೇರ್ ಸೇವೆ, ಪ್ರವಾಸ ವಿಮೆ. ಮೂರರಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಸಾಮಾನ್ಯವಾಗಿ ದುಡ್ಡೇ ಕೊಡಬೇಕಿಲ್ಲದ ವೀಲ್‌ಚೇರ್. ಆದರೆ ಹೋಗುವುದೋ ಬಿಡುವುದೋ ಎಂಬ ಪ್ರಶ್ನೆಗೆ ಮೂರೂ ಉತ್ತರ ಕೊಡುವುದಿಲ್ಲ. ಉತ್ತರ ಇರುವುದು ಡಾಕ್ಟರ ಚೀಟಿಯಲ್ಲಿ, ಮರು ಎಕ್ಸ್‌ರೇಗೆ ಬರೆದ ತಾರೀಕಿನಲ್ಲಿ.

ಮೊದಲು ಆ ತಾರೀಕಿನ ವಿಚಾರ. ಮಣಿಕಟ್ಟಿನ ಹತ್ತಿರ ಮೂಳೆ ಪೂರ್ತಿ ಮುರಿಯದೆ ಒಂದು ಬದಿ ಉಬ್ಬಿಕೊಳ್ಳುವ ಬಕಲ್ ಮುರಿತ ಮಕ್ಕಳಲ್ಲಿ ತುಂಬಾ ಸಾಮಾನ್ಯ, ಸಾಧು ಜಾತಿಯದು ಕೂಡ. ಬಿಚ್ಚಿ ಹಾಕುವ ಸ್ಪ್ಲಿಂಟ್ ಸಾಕು, ಸುಮಾರು ಮೂರು ವಾರಕ್ಕೆ ವಾಸಿ, ಮೂಳೆ ಜಾಗ ತಪ್ಪುವ ಭಯವಿಲ್ಲ. ಡಾಕ್ಟರು ಬಕಲ್ ಎಂದೇ ಹೇಳಿದ್ದರೆ ಪ್ರವಾಸ ಬಿಡಬೇಕಾದ ಕಾರಣವೇ ಇಲ್ಲ. ಮೂಳೆ ಸರಿದಿದ್ದು, ಅರಿವಳಿಕೆ ಕೊಟ್ಟು ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದ್ದರೆ ಲೆಕ್ಕ ಬೇರೆ. ಮೊದಲ ಎರಡು ಮೂರು ದಿನ ಬಾವು ಏರುತ್ತದೆ, ಆಮೇಲೆ ಇಳಿಯುತ್ತದೆ. ಬಾವು ಇಳಿದಂತೆ ಪ್ಲಾಸ್ಟರ್ ಸಡಿಲವಾಗುತ್ತದೆ, ಸಡಿಲವಾದ ಪ್ಲಾಸ್ಟರಿನೊಳಗೆ ಕೂರಿಸಿದ ಮೂಳೆ ಮತ್ತೆ ಜಾರಬಹುದು. ಅದಕ್ಕಾಗಿಯೇ ಒಂದು ವಾರಕ್ಕೊಂದು, ಎರಡನೇ ವಾರಕ್ಕೊಂದು ಎಕ್ಸ್‌ರೇ ಹೇಳುವುದು. ಜಾರಿದ್ದು ಆಗಲೇ ಕಂಡರೆ ಮತ್ತೆ ಕೂರಿಸಲು ಸಾಧ್ಯ. ಮಕ್ಕಳ ಮೂಳೆ ಬೇಗ ಕೂಡಿಕೊಳ್ಳುತ್ತದೆ ಎಂದು ಎಲ್ಲರೂ ಸಮಾಧಾನ ಹೇಳುತ್ತಾರಲ್ಲ, ಇಲ್ಲಿ ಅದೇ ತೊಡಕು: ಊರೆಲ್ಲ ಸುತ್ತಿ ಮೂರನೇ ವಾರ ಬಂದು ನೋಡಿದರೆ ಸೊಟ್ಟಗೇ ಕೂಡಿಕೊಂಡಿರುತ್ತದೆ. ಮುರಿತ ಮೂಳೆಯ ಬೆಳೆಯುವ ಅಂಚಿಗೆ ತಾಗಿದ್ದರೆ ಅವಕಾಶ ಇನ್ನೂ ಕಡಿಮೆ. ಏಳರಿಂದ ಹತ್ತು ದಿನ ಕಳೆದ ಮೇಲೆ ಅದನ್ನು ಮತ್ತೆ ಎಳೆದಾಡಿದರೆ ಆ ಅಂಚಿಗೇ ಪೆಟ್ಟಾಗಬಹುದು ಎಂದು ಡಾಕ್ಟರು ಹಿಂಜರಿಯುತ್ತಾರೆ.

ಹಾಗಾಗಿ ಪ್ರವಾಸದ ದಿನಗಳನ್ನೂ ಎಕ್ಸ್‌ರೇ ದಿನಗಳನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದರ ಮೇಲೊಂದು ಬೀಳದಿದ್ದರೆ ಅರ್ಧ ತಲೆಬಿಸಿ ಕಡಿಮೆ. ಬಿದ್ದರೆ 'ಹೋದ ಊರಲ್ಲೇ ಎಕ್ಸ್‌ರೇ ತೆಗೆಸುತ್ತೇವೆ' ಎಂಬ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಎಕ್ಸ್‌ರೇ ತೆಗೆಸುವುದು ಸುಲಭವೇ. ಮೂಳೆ ಜಾರಿದೆ ಎಂದು ಕಂಡರೆ ಮುಂದೇನು ಎಂಬುದು ಕಷ್ಟ. ಬೇರೊಬ್ಬರು ಕೂರಿಸಿದ್ದನ್ನು ಮತ್ತೆ ಕೂರಿಸಲು ಹೊಸ ಡಾಕ್ಟರಿಗೆ ಹಳೆಯ ಚಿತ್ರಗಳು ಬೇಕು. ಮೊದಲ ಎಕ್ಸ್‌ರೇ, ಕೂರಿಸಿದ ನಂತರದ ಎಕ್ಸ್‌ರೇ, ಎರಡೂ ಫೋನಿನಲ್ಲೂ ಪೆನ್‌ಡ್ರೈವಿನಲ್ಲೂ ಇರಲಿ. ಫಿಲ್ಮಿಗೆ ಕ್ಯಾಮೆರಾ ಹಿಡಿದು ತೆಗೆದ ಮಸುಕು ಫೋಟೋ ಪ್ರಯೋಜನವಿಲ್ಲ, ಆಸ್ಪತ್ರೆಯಿಂದ ಮೂಲ ಫೈಲನ್ನೇ ಕೇಳಿ ಪಡೆಯಿರಿ.

ಮೊಣಕೈ ಮೇಲ್ಭಾಗ ಮುರಿದು ತಂತಿ ಹಾಕಿದ್ದರೆ, ತಂತಿಯ ತುದಿ ಸಾಮಾನ್ಯವಾಗಿ ಚರ್ಮದಿಂದ ಹೊರಗೆ, ಪ್ಲಾಸ್ಟರಿನ ಕೆಳಗೆ ಇರುತ್ತದೆ. ಮೂರು ನಾಲ್ಕು ವಾರಕ್ಕೆ ಎಳೆದು ತೆಗೆಯುತ್ತಾರೆ. ಅಷ್ಟು ದಿನ ನೀರು, ಮರಳು ಎರಡೂ ವರ್ಜ್ಯ. ಕಡಲತೀರ ಈಗ ಬೇಡವೇ ಬೇಡ. ತೊಡೆ ಮೂಳೆ ಮುರಿದು ಸೊಂಟದಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕಿದ ಮಗು ಸಾಮಾನ್ಯ ವಿಮಾನದ ಸೀಟಿನಲ್ಲಿ ಸರಿಯಾಗಿ ಕೂರಲಾರದು, ಸಾಮಾನ್ಯ ಕಾರ್ ಸೀಟಿಗೂ ಹಿಡಿಸದು. ಅಲ್ಲಿ ಚರ್ಚೆ ಮಾಡುವಂಥದ್ದೇನೂ ಇಲ್ಲ, ಮುಂದೂಡಿ.

ವಿಮಾನವಾದರೆ ಇನ್ನೊಂದು ಗಡಿಯಾರವಿದೆ. ಪ್ಲಾಸ್ಟರ್ ಹಾಕಿ 24 ಗಂಟೆ ಆಗುವವರೆಗೆ ಎರಡು ಗಂಟೆಯೊಳಗಿನ ಹಾರಾಟಕ್ಕೂ, 48 ಗಂಟೆ ಆಗುವವರೆಗೆ ಅದಕ್ಕಿಂತ ದೀರ್ಘ ಹಾರಾಟಕ್ಕೂ ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಕಾರಣ ಸರಳ. ಕ್ಯಾಬಿನ್ನಿನೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ. ಆ ಒತ್ತಡದಲ್ಲಿ ಪ್ಲಾಸ್ಟರಿನ ಕೆಳಗೆ ಸಿಕ್ಕಿಕೊಂಡ ಗಾಳಿ ಮೂರನೇ ಒಂದು ಪಾಲಿನವರೆಗೆ ಹಿಗ್ಗಬಹುದು. ಬಾವು ಬಂದ ಕೈಗೆ ಸುತ್ತ ಗಟ್ಟಿ ಚಿಪ್ಪು, ಒಳಗೆ ಹಿಗ್ಗುವ ಗಾಳಿ: ರಕ್ತ ಸಂಚಾರಕ್ಕೆ ಕುತ್ತು. ತಡೆಯಲಾಗದ ಪ್ರಯಾಣವಾದರೆ ಡಾಕ್ಟರು ಪ್ಲಾಸ್ಟರನ್ನು ಉದ್ದಕ್ಕೂ ಎರಡು ಬದಿ ಸೀಳಿ ಮೇಲೆ ಬ್ಯಾಂಡೇಜ್ ಸುತ್ತಿ ಕೊಡುತ್ತಾರೆ. ಅರ್ಧ ಪ್ಲಾಸ್ಟರ್, ಅಂದರೆ ಸ್ಲ್ಯಾಬ್ ಮಾತ್ರ ಇದ್ದರೆ ಬಾವಿಗೆ ಜಾಗ ಇರುತ್ತದೆ. ಎರಡರಲ್ಲಿ ಯಾವುದೇ ಆದರೂ ಕೌಂಟರಿನಲ್ಲಿ ತೋರಿಸಲು ಪ್ಲಾಸ್ಟರ್ ಹಾಕಿದ ದಿನ, ಗಂಟೆ ಬರೆದ ಚೀಟಿ ಬೇಕು. ಗಾಳಿ ಊದಿ ಬಿಗಿ ಮಾಡುವ ಸ್ಪ್ಲಿಂಟ್ ವಿಮಾನದೊಳಗೆ ಸಲ್ಲದು, ಅದೂ ಹಿಗ್ಗುತ್ತದೆ.

ಇನ್ನು ಕವರ್. ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಎರಡು ಬಗೆ. ಒಂದು, ದಪ್ಪ ಪ್ಲಾಸ್ಟಿಕ್ ಚೀಲದ ಬಾಯಿಗೆ ರಬ್ಬರಿನ ಪೊರೆ ಕೂರಿಸಿದ್ದು. ಇನ್ನೊಂದು, ಪೂರ್ತಿ ರಬ್ಬರಿನ ತೋಳು, ಜತೆಗೆ ಒಳಗಿನ ಗಾಳಿ ಹೀರಿ ತೆಗೆಯುವ ಪುಟ್ಟ ಪಂಪು. ಸ್ನಾನಕ್ಕೆ ಮೊದಲನೆಯದು ಧಾರಾಳ ಸಾಕು. ನೀರಿಗೆ ಇಳಿಯುವುದಾದರೆ ಎರಡನೆಯದೇ ಬೇಕು, ಅದೂ ಡಾಕ್ಟರು ಒಪ್ಪಿದರೆ.

ಸೋಲುವುದು ಹೆಚ್ಚಾಗಿ ಅಳತೆಯಲ್ಲಿ. ಕವರಿನ ಡಬ್ಬದ ಮೇಲೆ ವಯಸ್ಸು ಬರೆದಿರುತ್ತದೆ, ಅದನ್ನು ನಂಬಬೇಡಿ. ಅಳೆಯಬೇಕಾದದ್ದು ರಬ್ಬರ್ ಕೂರುವ ಜಾಗದ ಸುತ್ತಳತೆಯನ್ನು, ಅಂದರೆ ಪ್ಲಾಸ್ಟರಿನ ಮೇಲಂಚಿಗಿಂತ ಮೇಲಿರುವ ಬರಿ ಚರ್ಮವನ್ನು. ಅಲ್ಲಿ ಕನಿಷ್ಠ ಮೂರು ನಾಲ್ಕು ಬೆರಳಗಲ ಚರ್ಮ ಇರಲೇಬೇಕು. ನಾಲ್ಕೈದು ವರ್ಷದ ಮಗುವಿಗೆ ಮೊಣಕೈ ದಾಟಿದ ಪ್ಲಾಸ್ಟರ್ ಹಾಕಿದರೆ ಅದು ಕಂಕುಳಿನವರೆಗೆ ಬಂದಿರುತ್ತದೆ. ರಬ್ಬರ್ ಕೂರಲು ಜಾಗವೇ ಇಲ್ಲ, ಎಷ್ಟು ದುಬಾರಿ ಕವರ್ ತಂದರೂ ನೀರು ಒಳಗೆ. ಇಂಥ ಮಗುವಿಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದೇ ಸರಿ. ಸಡಿಲವಾದರೆ ಸೋರುತ್ತದೆಂದು ಒಂದು ಅಳತೆ ಚಿಕ್ಕದು ತಂದರೆ ಬೆರಳು ನೀಲಿಗಟ್ಟುತ್ತದೆ. ಸರಿಯಾದ ಅಳತೆಯದ್ದನ್ನೂ ಸ್ನಾನದ ಹೊತ್ತಿಗೆ ಮಾತ್ರ ಹಾಕಿ, ಇಪ್ಪತ್ತು ನಿಮಿಷಕ್ಕೆ ತೆಗೆದುಬಿಡಿ. ಇಡೀ ಮಧ್ಯಾಹ್ನ ಹಾಕಿಟ್ಟರೆ ಹೊರಗಿನ ನೀರು ಬೇಡ, ಒಳಗಿನ ಬೆವರೇ ಹತ್ತಿಯನ್ನು ಒದ್ದೆ ಮಾಡುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಿ: ದೊಡ್ಡವರು ತಮ್ಮ ಕೈಗೆ ಟಿಶ್ಯೂ ಕಾಗದ ಸುತ್ತಿ, ಮೇಲೆ ಕವರ್ ತೊಟ್ಟು, ಬಕೆಟ್ಟಿನಲ್ಲಿ ಐದು ನಿಮಿಷ ಮುಳುಗಿಸಿ ನೋಡಬೇಕು. ಮಗುವಿನ ತೆಳು ತೋಳಿಗೆ ಮಾಡಿದ ಕವರ್ ದೊಡ್ಡವರ ಮಣಿಕಟ್ಟಿಗೆ ಸರಿಯಾಗಿ ಕೂರುತ್ತದೆ, ಅಷ್ಟೇ ಸಾಕು. ಹೊಲಿಗೆಯಲ್ಲಿ ಸೋರುವ ಮಾಲು ಅಲ್ಲೇ ಸಿಕ್ಕಿಬೀಳುತ್ತದೆ, ವಾಪಸ್ ಕಳಿಸಲೂ ಸಮಯ ಇರುತ್ತದೆ.

ಈಜುಕೊಳದ ಚಿತ್ರ ಹೇಳದ ಮಾತೊಂದಿದೆ. ಕಾಲಿನ ಕವರಿನಲ್ಲಿ ಗಾಳಿ ಉಳಿದರೆ ಅದು ಬಲೂನಿನಂತೆ ತೇಲುತ್ತದೆ. ಕಾಲು ಮೇಲೆ, ತಲೆ ಕೆಳಗೆ. ಈಜು ಬರುವ ಮಗುವೂ ತಿರುಗಿಕೊಳ್ಳಲಾರದೆ ಕಂಗಾಲಾಗುತ್ತದೆ. ಕವರಿನ ಅಂಗಾಲು ಒದ್ದೆ ಟೈಲ್ಸ್ ಮೇಲೆ ಜಾರುವುದಂತೂ ಖಂಡಿತ. ಒಂದು ಕಾಲು ಆಗಲೇ ಮುರಿದಿದೆ, ಇನ್ನೊಂದನ್ನೂ ಪಣಕ್ಕಿಡಬೇಕೇ? ಮರಳಿನಲ್ಲಿ ಎಳೆದಾಡಿದರೆ ತೆಳು ಪ್ಲಾಸ್ಟಿಕ್ಕಿಗೆ ಸೂಜಿಮೊನೆಯಷ್ಟು ತೂತು ಬೀಳುತ್ತದೆ, ಒದ್ದೆಯಾದ ಮೇಲೇ ಗೊತ್ತಾಗುವುದು. ಸ್ನಾನಕ್ಕೆ ಐದಕ್ಕೆ ನಾಲ್ಕು ಕೊಡಬಹುದು, ಈಜಿಗೆ ಒಂದು.

'ನಮ್ಮದು ಫೈಬರ್ ಪ್ಲಾಸ್ಟರ್, ನೀರು ಬಿದ್ದರೂ ಏನಾಗಲ್ಲ' ಎನ್ನುವವರು ಅರ್ಧ ಸರಿ. ಬಿಳಿ ಪಿಒಪಿ ನೆನೆದರೆ ಮೆತ್ತಗಾಗುತ್ತದೆ, ಫೈಬರಿನ ಚಿಪ್ಪಿಗೆ ಏನೂ ಆಗುವುದಿಲ್ಲ ನಿಜ. ಒಳಗಿನ ಹತ್ತಿ ಮಾತ್ರ ನೆನೆಯುತ್ತದೆ, ಬೇಗ ಒಣಗುವುದಿಲ್ಲ. ಚರ್ಮ ನೀರಲ್ಲಿ ನೆನೆಸಿಟ್ಟಂತೆ ಬಿಳಿಚಿ ಸುಲಿಯುತ್ತದೆ, ವಾಸನೆ ಶುರುವಾಗುತ್ತದೆ. ನೀರು ತಡೆಯುವ ಒಳಪದರ ಹಾಕಿದ್ದಾರೆಯೇ ಎಂದು ಡಾಕ್ಟರನ್ನೇ ಕೇಳಿ. ಹಾಕಿದ್ದರೆ ಕವರಿನ ಗೋಜೇ ಇಲ್ಲ. ಅಂಚು ಸ್ವಲ್ಪ ಒದ್ದೆಯಾದರೆ ಹೇರ್ ಡ್ರೈಯರನ್ನು ತಣ್ಣನೆ ಗಾಳಿಗೆ ಇಟ್ಟು ಒಣಗಿಸಿ, ಬಿಸಿಗಾಳಿ ಸುಡುತ್ತದೆ. ಪೂರ್ತಿ ನೆನೆದರೆ ಅದೇ ದಿನ ಅಥವಾ ಮರುದಿನ ಹೊಸದು ಹಾಕಿಸಬೇಕು, ಅಂದರೆ ರಜೆಯ ಒಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ.

ವೀಲ್‌ಚೇರ್ ಸೇವೆಗೆ ಬಹುತೇಕ ಕಂಪನಿಗಳು ಹಣ ತೆಗೆದುಕೊಳ್ಳುವುದಿಲ್ಲ. ಕೇಳುವ ಬಗೆ ಗೊತ್ತಿರಬೇಕು ಅಷ್ಟೇ. ವಿಮಾನಯಾನದಲ್ಲಿ ಮೂರು ಸಂಕೇತಗಳಿವೆ. ಡಬ್ಲ್ಯುಸಿಎಚ್‌ಆರ್ ಎಂದರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು. ಡಬ್ಲ್ಯುಸಿಎಚ್‌ಎಸ್ ಎಂದರೆ ಮೆಟ್ಟಿಲು ಆಗದು, ವಿಮಾನದೊಳಗೆ ಸೀಟಿನವರೆಗೆ ಹೋಗಬಲ್ಲರು. ಡಬ್ಲ್ಯುಸಿಎಚ್‌ಸಿ ಎಂದರೆ ಸೀಟಿನವರೆಗೂ ಕರೆದೊಯ್ಯಬೇಕು. ಕಾಲಿಗೆ ಪ್ಲಾಸ್ಟರ್ ಇರುವ ಮಗುವಿಗೆ ಹೆಚ್ಚಾಗಿ ಎರಡನೆಯದು ಹೊಂದುತ್ತದೆ. ಸುಮ್ಮನೆ 'ವೀಲ್‌ಚೇರ್ ಬೇಕು' ಎಂದರೆ ಮೊದಲನೆಯದನ್ನೇ ಹಾಕಿಬಿಡುವ ಸಂಭವವಿದೆ. ಆಮೇಲೆ ಬಸ್ಸಿನಲ್ಲಿ ವಿಮಾನದ ಬಳಿಗೆ ಕರೆದೊಯ್ದು ಏಣಿಯ ಬುಡದಲ್ಲಿ ನಿಲ್ಲಿಸಿದಾಗ ಅಪ್ಪ ಹೊತ್ತುಕೊಂಡೇ ಹತ್ತಬೇಕು. 48 ಗಂಟೆ ಮೊದಲೇ ಕಂಪನಿಗೆ ನೇರವಾಗಿ ಹೇಳಿ. ಏಜೆಂಟ್ ಮೂಲಕ ಹೇಳಿದ್ದು ದಾಟಿಲ್ಲದಿರುವುದು, ಹೋಗುವ ವಿಮಾನಕ್ಕೆ ನಮೂದಾಗಿ ಬರುವ ವಿಮಾನಕ್ಕೆ ಬಿಟ್ಟುಹೋಗಿರುವುದು, ನಡುವೆ ಬದಲಿಸುವ ನಿಲ್ದಾಣದಲ್ಲಿ ಯಾರಿಗೂ ಗೊತ್ತಿಲ್ಲದಿರುವುದು, ಎಡವಟ್ಟು ಆಗುವುದು ಈ ಮೂರು ಕಡೆಯೇ. ಪ್ರತಿ ಹಾರಾಟಕ್ಕೂ ಸಂಕೇತ ನಮೂದಾಗಿದೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ಮೊಣಕಾಲು ಮಡಚಲಾಗದ ಪ್ಲಾಸ್ಟರ್ ಇದ್ದರೆ ಬೆನ್ನಿನಿಂದ ಹಿಮ್ಮಡಿವರೆಗಿನ ಉದ್ದ ಅಳೆದು ಹೇಳಿ. ಕಾಲನ್ನು ನಡುದಾರಿಗೆ ಚಾಚಲು ಬಿಡುವುದಿಲ್ಲ. ತುರ್ತು ಬಾಗಿಲಿನ ಸಾಲಿನಲ್ಲಿ ಜಾಗ ಹೆಚ್ಚಿದ್ದರೂ ಮಕ್ಕಳಿಗೂ ಪೆಟ್ಟಾದವರಿಗೂ ಅದು ನಿಷಿದ್ಧ. ಪಕ್ಕದ ಸೀಟನ್ನೂ ಕೊಳ್ಳಬೇಕಾಗಬಹುದು. ವೈದ್ಯಕೀಯ ಫಾರ್ಮ್ ಕೇಳಿದರೆ ತುಂಬಿಸಿ ಸಹಿ ಹಾಕಿಸಲು ದಿನ ಹಿಡಿಯುತ್ತದೆ. ವಿಮಾನ ಮೇಲೇರುವಾಗ, ಇಳಿಯುವಾಗ ಊರುಗೋಲನ್ನು ಸಿಬ್ಬಂದಿ ತೆಗೆದು ಮೇಲಿನ ಕಪಾಟಿನಲ್ಲಿ ಇಡುತ್ತಾರೆ. ಶೌಚಾಲಯಕ್ಕೆ ಹೋಗಬೇಕೆಂದರೆ ಅದಕ್ಕೆ ಮೊದಲೇ. ತಪಾಸಣೆಯಲ್ಲಿ ಪ್ಲಾಸ್ಟರ್ ಮೇಲೆ ಬಟ್ಟೆಯ ಚೂರು ಉಜ್ಜಿ ಸ್ಫೋಟಕದ ಪರೀಕ್ಷೆ ಮಾಡಬಹುದು, ನೋವಿಲ್ಲ ಎಂದು ಮಗುವಿಗೆ ಮೊದಲೇ ಹೇಳಿಡಿ.

ಕಾರಿನಲ್ಲಾದರೆ ಒಂದೂವರೆ, ಎರಡು ಗಂಟೆಗೊಮ್ಮೆ ನಿಲ್ಲಿಸಿ. ಜೋತುಬಿಟ್ಟ ಕಾಲು ಊದುತ್ತದೆ. ಮುಂದಿನ ಸೀಟಿನಲ್ಲಿ ಕೂರಿಸಿ ಕಾಲನ್ನು ಡ್ಯಾಶ್‌ಬೋರ್ಡ್ ಮೇಲೆ ಇಡಿಸುವುದು ಮಾತ್ರ ಎಂದೂ ಬೇಡ, ಏರ್‌ಬ್ಯಾಗ್ ತೆರೆದರೆ ಆ ಕಾಲು ಉಳಿಯದು. ಕೈಗೆ ಪ್ಲಾಸ್ಟರ್ ಇದ್ದರೆ ಬೆಲ್ಟು ಎದೆಯ ಮೇಲೆ, ಕೈ ಬೆಲ್ಟಿನ ಹೊರಗೆ ದಿಂಬಿನ ಮೇಲೆ.

ವಿಮೆಯ ವಿಚಾರದಲ್ಲಿ ಪಾಲಿಸಿಯ ತಾರೀಕು ಮೊದಲೋ, ಬಿದ್ದ ತಾರೀಕು ಮೊದಲೋ ನೋಡಿ. ಬಿದ್ದ ಮೇಲೆ ಕೊಂಡ ಪಾಲಿಸಿಗೆ ಆ ಮುರಿತ ಹಳೆಯ ಕಾಯಿಲೆಯ ಲೆಕ್ಕ. ತಿಳಿಸದೆ ಹೋದರೆ ಕೈಗೆ ಸಂಬಂಧಿಸಿದ ಯಾವ ಖರ್ಚೂ ಸಿಗದಿರಬಹುದು. ಮೊದಲೇ ಕೊಂಡಿದ್ದರೆ ರದ್ದತಿಯ ಹಣ ಕೇಳಬಹುದು. ಆದರೆ ಪ್ರಯಾಣ ಸಲ್ಲದು ಎಂದು ಡಾಕ್ಟರು ಬರೆದುಕೊಟ್ಟ ಪತ್ರ ಮೊದಲು, ರದ್ದು ಮಾಡುವುದು ಆಮೇಲೆ. ಮನಸ್ಸಿಗೆ ಬೇಡವೆನಿಸಿತು ಎಂಬುದಕ್ಕೆ ವಿಮೆಯಿಲ್ಲ. ಪತ್ರ ಸಿಕ್ಕ ಮೇಲೆ ನೋಡೋಣವೆಂದು ಕಾಯುವುದೂ ನಷ್ಟ: ತಡ ಮಾಡಿದ್ದರಿಂದ ಹೆಚ್ಚಿದ ಹೋಟೆಲ್ ದಂಡವನ್ನು ಹಲವು ಪಾಲಿಸಿಗಳು ಕಳೆದೇ ಕೊಡುತ್ತವೆ.

ಕೈಚೀಲದಲ್ಲಿ ಇರಬೇಕಾದದ್ದು ನೋವಿನ ಔಷಧಿ. ಪ್ಯಾರಾಸಿಟಮಾಲ್ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಸಿರಪ್ಪಿನ ಶಕ್ತಿ ಬಾಟಲಿಯಿಂದ ಬಾಟಲಿಗೆ ಬೇರೆ, ಹಾಗಾಗಿ ಎಷ್ಟು ಮಿಲಿ ಎಂದು ಡಾಕ್ಟರಿಂದ ಬರೆಸಿಕೊಳ್ಳಿ. ಆ್ಯಸ್ಪಿರಿನ್ ಕೊಡಬಾರದು. ಔಷಧಿಗೂ ಬಗ್ಗದ, ಗಂಟೆಗಂಟೆಗೆ ಏರುವ ನೋವು, ಬೆರಳನ್ನು ಮೆಲ್ಲಗೆ ನೇರ ಮಾಡಿದರೆ ಚೀರಾಟ, ಬೆರಳು ಬಿಳಿಚಿ ಜೋಮು ಹಿಡಿಯುವುದು, ಎಂದೂ ಇಲ್ಲದ ರಂಪ: ಇವು ಕಂಡರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಬೇಕು, ಬೆಳಗಾಗಲಿ ಎನ್ನಬಾರದು. ತಂಗುವ ಜಾಗದಿಂದ ಮೂಳೆ ಡಾಕ್ಟರು ಇರುವ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂದು ಹೊರಡುವ ಮೊದಲೇ ನೋಡಿಡುವುದು ಇದಕ್ಕೇ. ಮೊದಲ ವಾರದಲ್ಲಿ ಅದು ಒಂದೆರಡು ಗಂಟೆಗಿಂತ ದೂರವಿದ್ದರೆ ಜಾಗ ಬದಲಿಸಿ.

ಇನ್ನೊಂದು ಆಸೆ ಎಲ್ಲರಿಗೂ ಬರುತ್ತದೆ: 'ಎರಡು ದಿನ ಮೊದಲೇ ಪ್ಲಾಸ್ಟರ್ ತೆಗೆಸಿಕೊಂಡು ಆರಾಮಾಗಿ ಹೋಗಿಬಿಡೋಣ.' ಪ್ಲಾಸ್ಟರ್ ಇರುವ ಮಗುವಿಗಿಂತ ಆಗಷ್ಟೇ ತೆಗೆಸಿಕೊಂಡ ಮಗುವಿನ ಮೇಲೆ ಹೆಚ್ಚು ಕಣ್ಣಿಡಬೇಕು. ಕೀಲು ಬಿಗಿದಿರುತ್ತದೆ, ಕಾಲಾದರೆ ಎರಡು ವಾರ ಕುಂಟುತ್ತದೆ, ಮುಂಗೈಯ ನಡುಭಾಗ ಮುರಿದಿದ್ದರೆ ಅದೇ ಜಾಗದಲ್ಲಿ ಮತ್ತೆ ಮುರಿಯುವ ಅಪಾಯ ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಳೇ ಇರುತ್ತದೆ. ನೀರಿನ ಜಾರುಬಂಡಿ, ಟ್ರ್ಯಾಂಪೊಲಿನ್, ಕುದುರೆ ಸವಾರಿ ಇವಕ್ಕೆ ಯಾವಾಗ ಬಿಡಬಹುದು ಎಂದು ಪ್ಲಾಸ್ಟರ್ ತೆಗೆಸುವ ದಿನವೇ ಕೇಳಿಕೊಳ್ಳಿ. ಹೊಟ್ಟು ಏಳುವ ಆ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ತುಂಬು ತೋಳಿನ ಅಂಗಿ ಎರಡು ಹೆಚ್ಚೇ ಇಟ್ಟುಕೊಳ್ಳಿ.