ಔರ್‌ಬಾಕ್ ಅವರ ಸೆಲ್ಟಿಕ್ಸ್, ಪಾಪೊವಿಚ್ ಅವರ ಸ್ಪರ್ಸ್: ಯಾರ ಕಥೆ ಮೊದಲು?

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಚರಿತ್ರೆಯನ್ನು ಒಂದು ತಂಡ, ಒಬ್ಬ ಕೋಚ್ ಮೂಲಕ ತಿಳಿಯಬೇಕೇ? ಬಾಸ್ಟನ್ ಸೆಲ್ಟಿಕ್ಸ್‌ನ ರೆಡ್ ಔರ್‌ಬಾಕ್ ಅಥವಾ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಗ್ರೆಗ್ ಪಾಪೊವಿಚ್, ಇಬ್ಬರಲ್ಲಿ ಒಬ್ಬರನ್ನು ಹಿಡಿಯಿರಿ.

ಪ್ರಶಸ್ತಿ ಲೆಕ್ಕದಲ್ಲಿ ಔರ್‌ಬಾಕ್ ಮುಂದೆ. 1957ರಿಂದ 1966ರೊಳಗೆ 9, ಅದರಲ್ಲಿ ಕೊನೆಯ 8 ಸತತ. ಗೆಲುವು ಖಾತ್ರಿ ಅನ್ನಿಸಿದರೆ ಸಾಕು, ಬೆಂಚಿನಲ್ಲೇ ಕೂತು ಸಿಗಾರ್ ಹಚ್ಚುತ್ತಿದ್ದರು. ಎದುರಾಳಿಗಳಿಗೆ ಮೈಯೆಲ್ಲ ಉರಿ! ಆದರೆ ಅವರ ದೊಡ್ಡತನ ಇರುವುದು ಬೇರೆ ಕಡೆ. 1964ರ ಡಿಸೆಂಬರ್‌ನಲ್ಲಿ ಐವರೂ ಕಪ್ಪುವರ್ಣೀಯರನ್ನೇ ಆರಂಭಿಕ ಆಟಗಾರರಾಗಿ ಇಳಿಸಿದರು. ಎನ್‌ಬಿಎಯಲ್ಲಿ ಅದೇ ಮೊದಲು. 1966ರಲ್ಲಿ ತಮ್ಮ ಜಾಗಕ್ಕೆ ತಂಡದ ಆಟಗಾರ ಬಿಲ್ ರಸೆಲ್ ಅವರನ್ನು ತಂದರು. ಲೀಗಿನ ಮೊದಲ ಕಪ್ಪುವರ್ಣೀಯ ಮುಖ್ಯ ಕೋಚ್ ಅವರೇ. ಆಗಿನ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ.

ಪಾಪೊವಿಚ್ 1996ರಿಂದ 2025ರವರೆಗೆ ಒಂದೇ ತಂಡದ ಕೋಚ್, ಗೆದ್ದಿದ್ದು 5 ಪ್ರಶಸ್ತಿ. 2013ರ ಫೈನಲ್ಸ್‌ನ (4 ಪಂದ್ಯ ಮೊದಲು ಗೆದ್ದವರಿಗೆ ಪ್ರಶಸ್ತಿ) 6ನೇ ಪಂದ್ಯದಲ್ಲಿ 5.2 ಸೆಕೆಂಡು ಉಳಿದಿದ್ದಾಗ ಮಯಾಮಿಯ ರೇ ಆಲನ್ ಮೂರು ಪಾಯಿಂಟ್ ಹಾಕಿ ಸ್ಕೋರ್ ಸಮ ಮಾಡಿದರು. ಸ್ಪರ್ಸ್ ಕೈಯಿಂದ ಪಂದ್ಯವೂ ಹೋಯಿತು, ಆಮೇಲೆ ಪ್ರಶಸ್ತಿಯೂ. ಮರುವರ್ಷ ಅದೇ ಮಯಾಮಿಗೆ 4–1ರ ಸೋಲುಣಿಸಿದರು.

ಆಟವನ್ನು ನೋಡಿ ಕಲಿಯುವ ಆಸೆ ಜಾಸ್ತಿ ಇದ್ದರೆ ಸ್ಪರ್ಸ್ ಸರಿ, 2014ರ ಅವರ ಪಾಸಿಂಗ್ ನೋಡಿ. ಆಟದ ಜೊತೆ ಆ ದೇಶವೂ ಅರ್ಥವಾಗಬೇಕು ಅಂದರೆ ಸೆಲ್ಟಿಕ್ಸ್. ನನ್ನ ಓಟು ಸೆಲ್ಟಿಕ್ಸ್‌ಗೇ.