ಹಾಸನದ ಪಂಚೆ-ಶಲ್ಯ: ಜವಳಿಯೋ, ಬರೀ ಬಟ್ಟೆಯೋ?

ಬೋರ್ಡಿನ ಮೇಲೆ ‘ಜವಳಿ’ ಎಂದಿದ್ದರೆ ಬಟ್ಟೆ ಅಂಗಡಿ ಎಂದು ಹಾಸನದಲ್ಲಿ ಯಾರಿಗೂ ಹೇಳಬೇಕಿಲ್ಲ. ಆ ಪದಕ್ಕೆ ಜೋಡಿ ಎಂಬ ಅರ್ಥವಿರುವುದು ಮಾತ್ರ ಮರೆತೇಹೋಗಿದೆ. ‘ಅವಳಿ-ಜವಳಿ’ ಅನ್ನುವಾಗಷ್ಟೇ ಉಳಿದಿದೆ. ಮೂಲ ಸಂಸ್ಕೃತದ ‘ಯಮಲ’. ಯಾತ್ರೆ ಜಾತ್ರೆಯಾದ ಹಾಗೆ ಯಕಾರ ಜಕಾರವಾಯಿತು, ಯಮ ಜವರಾಯನಾದ ಹಾಗೆ ಮಕಾರ ವಕಾರವಾಯಿತು. ಅವಳಿಯ ಬೇರೂ ಅದೇ, ಅಲ್ಲಿಗೆ ಅವಳಿ-ಜವಳಿಯೇ ಒಂದು ಅವಳಿ! ಉಡಲೊಂದು ಹೊದೆಯಲೊಂದು ಎಂದು ಬಟ್ಟೆ ಜೋಡಿಯಲ್ಲೇ ಬಿಕರಿಯಾಗುತ್ತಿದ್ದುದರಿಂದ ಆ ಹೆಸರು ಬಟ್ಟೆಗೂ ಅಂಟಿತು ಎಂಬ ವಿವರಣೆ ಒಪ್ಪುವಂಥದ್ದು.

ಹಾಗೆ ನೋಡಿದರೆ, ಮದುವೆ ಕಾಲಕ್ಕೆ ಇಲ್ಲಿನ ಪೇಟೆಯಲ್ಲಿ ಕವರು ಹಾಕಿ ಕೊಡುವ ಎಷ್ಟೋ ಸೆಟ್ಟುಗಳು ಜವಳಿಯೇ ಅಲ್ಲ. ಪಂಚೆ ಒಂದು ಲಾಟಿನದು, ಶಲ್ಯ ಇನ್ನೊಂದರದು. ಟ್ಯೂಬ್‌ಲೈಟಿನಡಿ ಎರಡೂ ಬಿಳಿ. ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದರೆ ಒಂದು ಕೆನೆಬಣ್ಣ, ಇನ್ನೊಂದು ನೀಲಿ ಹೊಡೆಯುತ್ತದೆ. ನಿಜವಾದ ಜೋಡಿಯಲ್ಲಿ ಪಂಚೆ-ಶಲ್ಯದ ನಡುವೆ ನಾಲ್ಕು ಬೆರಳಗಲ ಹೊಕ್ಕು (ಅಡ್ಡನೂಲು) ಇಲ್ಲದೆ ಬರೀ ಹಾಸುನೂಲು (ಉದ್ದನೂಲು) ಬಿಟ್ಟಿರುತ್ತಾರೆ. ಅದನ್ನು ಕತ್ತರಿಸದೆ ಮಡಿಸಿಟ್ಟಿದ್ದರೆ ಎರಡೂ ಒಂದೇ ಹಾಸಿನವು, ಅಂಚಿಗೆ ಅಂಚು ಕೂಡುತ್ತದೆ, ಒಗೆದಾಗ ಒಂದೇ ಸಮ ಕುಗ್ಗುತ್ತದೆ. ಅಂಥದ್ದನ್ನೇ ಕೇಳಿ.

ಕಚ್ಚೆಗೆ ‘9-5’ ಸಾಕು: 9 ಮೊಳದ ಪಂಚೆ, 5 ಮೊಳದ ಶಲ್ಯ. ಮೊಳಕ್ಕೆ 18 ಇಂಚಿನಂತೆ ಪಂಚೆ 4 ಮೀಟರಿಗೆ ತುಸು ಹೆಚ್ಚು, ಶಲ್ಯ ಎರಡೂಕಾಲು ಮೀಟರ್. ಮೈ ತುಂಬಿಕೊಂಡವರಿಗೆ ‘10-6’. ಲೇಬಲ್ ನಂಬದೆ ಟೇಪು ಹಿಡಿಸಿ. ಉದ್ದ ಸಾಲದಿದ್ದರೆ ಹಿಂದೆ ಸಿಗಿಸಿದ ಕಚ್ಚೆ ಕೂತೆದ್ದರೆ ಜಾರುತ್ತದೆ.

ದೊಡ್ಡ ಮೋಸ ಗಂಜಿಯದು. ಮೂಲೆಯನ್ನು ಅಂಗೈಯಲ್ಲಿ ಉಜ್ಜಿ. ಬಿಳಿ ಹುಡಿ ಉದುರಿದರೆ ಆ ದಪ್ಪ ನೂಲಿನದಲ್ಲ, ಮೊದಲ ಒಗೆತಕ್ಕೇ ಸೊಳ್ಳೆಪರದೆ. ಕೆಂಪು, ಹಸಿರು ಅಂಚಿನ ಮೇಲೆ ಒದ್ದೆ ಕರ್ಚೀಫು ಒತ್ತಿ ನೋಡಿ, ಬಣ್ಣ ಹತ್ತಿದರೆ ಬಿಟ್ಟುಬಿಡಿ. ಅಗ್ಗದ ಜರಿ ಪ್ಲಾಸ್ಟಿಕ್ ಎಳೆ, ಇಸ್ತ್ರಿ ಬಿಸಿಯಾದರೆ ಸುರುಟುತ್ತದೆ. ಮೇಲೊಂದು ಬಟ್ಟೆ ಹಾಸಿಯೇ ತೀಡಬೇಕು.

ಸಕಲೇಶಪುರದ ಕಡೆಯವರು ಮಳೆಗಾಲಕ್ಕೆ ಮುಂಚೆ ತಣ್ಣೀರಿನಲ್ಲಿ ನೆನೆಸಿ ಗಂಜಿ ಬಿಡಿಸಿ, ಚೆನ್ನಾಗಿ ಒಣಗಿಸಿಯೇ ಬೀರುವಿಗೆ ಇಡಬೇಕು. ಗಂಜಿ ಇದ್ದರೆ ಥಂಡಿಗೆ ಬೂಷ್ಟು ಹಿಡಿದು ಮಡಿಕೆಯುದ್ದಕ್ಕೂ ಕಪ್ಪು ಚುಕ್ಕೆ ಬೀಳುತ್ತದೆ, ಅದು ಯಾವ ಸೋಪಿಗೂ ಸುಲಭವಾಗಿ ಹೋಗುವುದಿಲ್ಲ.